ಆಕ್ಸ್‌ಫರ್ಡಿನ ಸೇಂಟ್ ಕ್ಯಾಥರೀನ್ಸ್ ಕಾಲೇಜಿನ ಕಟ್ಟಡ: ಪದೇ ಪದೇ ಕೇಳುವ ಪ್ರಶ್ನೆಗಳು

ಆಕ್ಸ್‌ಫರ್ಡ್ ಅಂದ ಕೂಡಲೇ ನಮ್ಮ ಕಣ್ಣಿಗೆ ಬರುವುದು ಕಲ್ಲಿನ ಗೋಪುರಗಳು, ಕಮಾನು, ಹಳೆಯ ಬಾಗಿಲುಗಳು. ಅದೇ ಊರಿನಲ್ಲಿ ಚೆರ್‌ವೆಲ್ ಹೊಳೆಯ ಪಕ್ಕದ ಹುಲ್ಲುಗಾವಲಿನಲ್ಲಿ ಗಾಜು, ಇಟ್ಟಿಗೆ, ಕಾಂಕ್ರೀಟಿನ ಒಂದು ಕಾಲೇಜು ಇದೆ. ಅದರ ಫೋಟೋ ತೋರಿಸಿದಾಗಲೆಲ್ಲ ಜನ ಒಂದಷ್ಟು ಪ್ರಶ್ನೆಗಳನ್ನು ಮತ್ತೆ ಮತ್ತೆ ಕೇಳುತ್ತಾರೆ. ಆರ್ಕಿಟೆಕ್ಚರ್ ಓದುವ ಮಕ್ಕಳು ಕೇಳುತ್ತಾರೆ, ಅಲ್ಲಿ ಹೋಗಿ ನೋಡಿ ಬಂದವರೂ ಕೇಳುತ್ತಾರೆ. ಆ ಪ್ರಶ್ನೆಗಳನ್ನೂ ನನ್ನ ಉತ್ತರಗಳನ್ನೂ ಇಲ್ಲಿ ಒಟ್ಟಿಗೆ ಇಟ್ಟಿದ್ದೇನೆ.

ಇದು ಯಾವ ಕಾಲೇಜು? ಯಾವಾಗ ಕಟ್ಟಿದ್ದು?

ಸೇಂಟ್ ಕ್ಯಾಥರೀನ್ಸ್ ಕಾಲೇಜ್. ಅಲ್ಲಿನವರು ಪ್ರೀತಿಯಿಂದ 'ಕ್ಯಾಟ್ಸ್' ಅನ್ನುತ್ತಾರೆ. 1960ರ ನವೆಂಬರ್ 4ರಂದು ರಾಣಿ ಎಲಿಜಬೆತ್ ಅಡಿಗಲ್ಲು ಹಾಕಿದರು. 1962ರಲ್ಲಿ ಮೊದಲ ವಿದ್ಯಾರ್ಥಿಗಳು ಬಂದರು. 1964ರ ಅಕ್ಟೋಬರಿನಲ್ಲಿ ಪ್ರಿನ್ಸ್ ಫಿಲಿಪ್ ಉದ್ಘಾಟನೆ ಮಾಡಿದರು. ವಿನ್ಯಾಸ ಮಾಡಿದವರು ಡೆನ್ಮಾರ್ಕಿನ ಆರ್ನೆ ಜಾಕೊಬ್‌ಸನ್.

ಕಟ್ಟಡ ಹೊಸದಾದರೂ ಸಂಸ್ಥೆ ಹಳೆಯದು. 1868ರಲ್ಲಿ ಆಕ್ಸ್‌ಫರ್ಡ್ ಒಂದು ಹೊಸ ಬಾಗಿಲು ತೆರೆಯಿತು. ಕಾಲೇಜುಗಳ ದುಬಾರಿ ಖರ್ಚು ಭರಿಸಲಾಗದ ಹುಡುಗರು ಯಾವ ಕಾಲೇಜಿಗೂ ಸೇರದೆ ವಿಶ್ವವಿದ್ಯಾಲಯದಲ್ಲಿ ಓದಬಹುದು ಎಂದಿತು. ಆ ಹುಡುಗರು ಊರಿನ ಬಾಡಿಗೆ ಕೋಣೆಗಳಲ್ಲಿ ಇದ್ದುಕೊಂಡು ಓದಿದರು. ಅವರ ಕೂಟವೇ ಮುಂದೆ ಸೇಂಟ್ ಕ್ಯಾಥರೀನ್ಸ್ ಸೊಸೈಟಿ ಆಯಿತು. ಸುಮಾರು ತೊಂಬತ್ತು ವರ್ಷ ಸ್ವಂತ ಕೋಣೆ ಇಲ್ಲದೆ, ಒಂದು ಅಂಗಳ ಇಲ್ಲದೆ ಇದ್ದವರು ಇವರು. ಈ ಮಾತು ನೆನಪಿಟ್ಟುಕೊಳ್ಳಿ. ವಿದ್ಯಾರ್ಥಿಯ ಕೋಣೆಗೆ ಇಲ್ಲಿ ಯಾಕಷ್ಟು ಬೆಲೆ ಅಂತ ಆಮೇಲೆ ಗೊತ್ತಾಗುತ್ತದೆ.

ಕಾಲೇಜು ಅಂದರೆ ನಮ್ಮಲ್ಲಿ ಇರುವ ಹಾಗೆಯೇ?

ಇಲ್ಲ. ಇದು ತಿಳಿಯದಿದ್ದರೆ ಕಟ್ಟಡ ಅರ್ಥವಾಗುವುದೇ ಇಲ್ಲ. ನಮ್ಮಲ್ಲಿ ಕಾಲೇಜು ಅಂದರೆ ಕ್ಲಾಸುಗಳು. ಹಾಸ್ಟೆಲ್ ಬೇರೆ, ಮೆಸ್ ಬೇರೆ. ಆಕ್ಸ್‌ಫರ್ಡಿನಲ್ಲಿ ದೊಡ್ಡ ಉಪನ್ಯಾಸ, ಲ್ಯಾಬು, ಪರೀಕ್ಷೆ ಎಲ್ಲವೂ ವಿಶ್ವವಿದ್ಯಾಲಯದ್ದು. ಕಾಲೇಜು ಅಂದರೆ ಇರುವ ಮನೆ. ಅಲ್ಲೇ ಮಲಗಬೇಕು, ಅಲ್ಲೇ ಒಟ್ಟಿಗೆ ಊಟ ಮಾಡಬೇಕು, ಅಲ್ಲೇ ಒಬ್ಬ ಗುರುವಿನ ಎದುರು ಒಬ್ಬಿಬ್ಬರೇ ಕೂತು ಪಾಠ ಹೇಳಿಸಿಕೊಳ್ಳಬೇಕು. ನಮ್ಮ ಹಳೆಯ ಮಠದ ಪ್ರಸಾದನಿಲಯಗಳನ್ನು ನೆನೆಸಿಕೊಂಡರೆ ಅರ್ಧ ಹತ್ತಿರ ಬರುತ್ತೀರಿ.

ಹಾಗಾಗಿ ಹಳೆಯ ಕಾಲೇಜುಗಳಲ್ಲಿ ಕೆಲವು ಭಾಗಗಳು ಇರಲೇಬೇಕು. ನಡುವೆ ಚೌಕದ ಅಂಗಳ, ಸುತ್ತ ಕೋಣೆಗಳು, ಒಂದು ಊಟದ ಹಾಲ್, ಒಂದು ಲೈಬ್ರರಿ, ಪ್ರಾರ್ಥನೆಗೆ ಚಾಪೆಲ್. ಇನ್ನೊಂದು ಮುಖ್ಯ ಸಂಗತಿ ಮೆಟ್ಟಿಲು. ಅಲ್ಲಿ ಉದ್ದನೆಯ ಕಾರಿಡಾರ್ ಇರುವುದಿಲ್ಲ. ಅಂಗಳದಿಂದ ಒಂದೊಂದು ಬಾಗಿಲು, ಒಳಗೆ ಮೆಟ್ಟಿಲು, ಮೆಟ್ಟಿಲಿನ ಎಡಬಲಕ್ಕೆ ಕೆಲವೇ ಕೋಣೆಗಳು. ಒಂದು ಮೆಟ್ಟಿಲಿನವರೆಲ್ಲ ಒಂದು ಓಣಿಯವರ ಹಾಗೆ.

ನಾನು ಓದುವಾಗ ಇದ್ದ ಹಾಸ್ಟೆಲಿನಲ್ಲಿ ಒಂದೇ ಕಾರಿಡಾರಿಗೆ ನಲವತ್ತು ಬಾಗಿಲು ಇದ್ದವು. ಎರಡೂ ಕಡೆ ಕೋಣೆ, ಮಧ್ಯೆ ಕತ್ತಲು. ಹಗಲಲ್ಲೂ ಟ್ಯೂಬ್‌ಲೈಟ್ ಉರಿಯಬೇಕಿತ್ತು. ಮೂರು ವರ್ಷ ಇದ್ದರೂ ಆ ತುದಿಯ ಕೋಣೆಯವನ ಹೆಸರು ನನಗೆ ಗೊತ್ತಾಗಲಿಲ್ಲ. ಅದಕ್ಕೇ ಈ ಮೆಟ್ಟಿಲಿನ ಲೆಕ್ಕ ಮೊದಲ ಸಲ ಓದಿದಾಗ ನನಗೆ ನಿಜಕ್ಕೂ ಹೊಟ್ಟೆಕಿಚ್ಚು ಆಯಿತು.

ಆ ಕಾಲದಲ್ಲೇ ಯಾಕೆ ಹೊಸ ಕಾಲೇಜು ಬೇಕಾಯಿತು?

ಎರಡನೇ ಮಹಾಯುದ್ಧ ಮುಗಿದಿತ್ತು. 1944ರ ಶಿಕ್ಷಣ ಕಾಯ್ದೆಯಿಂದ ಬ್ರಿಟನ್ನಿನಲ್ಲಿ ಹೈಸ್ಕೂಲು ಎಲ್ಲರಿಗೂ ಉಚಿತವಾಯಿತು. ಹಾಗೆ ಓದಿದ ಸಾಮಾನ್ಯ ಮನೆಯ ಮಕ್ಕಳು ವಿಶ್ವವಿದ್ಯಾಲಯದ ಬಾಗಿಲಿಗೆ ಬಂದರು. ದೇಶಕ್ಕೆ ವಿಜ್ಞಾನಿಗಳೂ ಇಂಜಿನಿಯರುಗಳೂ ಜಾಸ್ತಿ ಬೇಕಿತ್ತು.

ಸೊಸೈಟಿಯನ್ನು ನಡೆಸುತ್ತಿದ್ದ ಇತಿಹಾಸಕಾರ ಅಲನ್ ಬುಲಕ್ ಈ ಹೊತ್ತನ್ನು ಚೆನ್ನಾಗಿ ಗುರುತಿಸಿದರು. ವಿಜ್ಞಾನ ಓದುವವರೂ ಕಲೆ, ಸಾಹಿತ್ಯ ಓದುವವರೂ ಸರಿಸಮ ಇರುವ ಕಾಲೇಜು ಮಾಡಬೇಕು ಎಂದು ಹಟ ಹಿಡಿದರು. ದುಡ್ಡು ಎತ್ತಿದರು. ಮರ್ಟನ್ ಕಾಲೇಜಿನ ಹುಲ್ಲುಗಾವಲು ಜಾಗವಾಗಿ ಸಿಕ್ಕಿತು. ಬುಲಕ್ ಅವರೇ ಮೊದಲ ಮಾಸ್ಟರ್, ಅಂದರೆ ಕಾಲೇಜಿನ ಮುಖ್ಯಸ್ಥರು, ಆಗಿ 1980ರವರೆಗೆ ಇದ್ದರು. 1974ರಲ್ಲಿ, ಅಲ್ಲಿಯವರೆಗೆ ಗಂಡಸರಿಗೆ ಮಾತ್ರ ಇದ್ದ ಐದು ಕಾಲೇಜುಗಳು ಮೊದಲು ಹೆಣ್ಣುಮಕ್ಕಳನ್ನು ಸೇರಿಸಿಕೊಂಡಾಗ ಅವುಗಳಲ್ಲಿ ಇದೂ ಒಂದು.

ಇಂಗ್ಲೆಂಡಿನಲ್ಲಿ ಆರ್ಕಿಟೆಕ್ಟ್‌ಗಳು ಇರಲಿಲ್ಲವೇ? ಡೆನ್ಮಾರ್ಕಿನವರನ್ನು ಯಾಕೆ ಕರೆದರು?

ಆಗಲೂ ಇದೇ ಗಲಾಟೆ ಆಯಿತು. ಇಂಥ ಕೆಲಸ ಹೊರಗಿನವರಿಗೆ ಹೋಯಿತಲ್ಲ ಅಂತ ಅಲ್ಲಿನವರು ಗೊಣಗಿದರು. ಆದರೆ ಬುಲಕ್ ಡೆನ್ಮಾರ್ಕಿಗೇ ಹೋಗಿ ಜಾಕೊಬ್‌ಸನ್ ಕಟ್ಟಿದ್ದನ್ನು ನೋಡಿ ಬಂದಿದ್ದರು. ಕೋಪನ್‌ಹೇಗನ್ ಹತ್ತಿರದ ಮುಂಕೆಗಾರ್ಡ್ ಶಾಲೆ ಅವರ ಮನಸ್ಸಿಗೆ ಹಿಡಿಸಿತು. ಅದು ಒಂದೇ ಮಹಡಿಯ ಶಾಲೆ. ಕ್ಲಾಸ್‌ರೂಮುಗಳ ನಡುನಡುವೆ ಪುಟ್ಟ ಪುಟ್ಟ ಅಂಗಳಗಳು. ನಮ್ಮ ತೊಟ್ಟಿ ಮನೆ ನೋಡಿದವರಿಗೆ ಆ ಪ್ಲಾನ್ ತಟ್ಟನೆ ಅರ್ಥವಾಗುತ್ತದೆ.

ಜಾಕೊಬ್‌ಸನ್ ಬಗ್ಗೆ ಒಂದು ಮಾತು ಹೇಳಲೇಬೇಕು. 1902ರಲ್ಲಿ ಹುಟ್ಟಿದವರು. ಚಿಕ್ಕಂದಿನಲ್ಲಿ ಚಿತ್ರಕಾರ ಆಗಬೇಕು ಅಂತ ಆಸೆ. ಯಹೂದಿ ಮನೆತನದವರಾದ್ದರಿಂದ 1943ರಲ್ಲಿ ನಾಜಿಗಳಿಂದ ತಪ್ಪಿಸಿಕೊಂಡು ಸಣ್ಣ ದೋಣಿಯಲ್ಲಿ ಕಡಲು ದಾಟಿ ಸ್ವೀಡನ್ನಿಗೆ ಹೋದರು. ಅಲ್ಲಿ ಕಟ್ಟಡದ ಕೆಲಸ ಹೆಚ್ಚು ಸಿಗಲಿಲ್ಲ. ಗಿಡ, ಎಲೆ, ಹೂಗಳ ಚಿತ್ರ ಬರೆದು ಬಟ್ಟೆಗೂ ಗೋಡೆಯ ಕಾಗದಕ್ಕೂ ವಿನ್ಯಾಸ ಮಾಡಿದರು. ಗಿಡಗಳ ಮೇಲಿನ ಆ ಪ್ರೀತಿ ಕೊನೆಯವರೆಗೂ ಹೋಗಲಿಲ್ಲ. ಆಕ್ಸ್‌ಫರ್ಡಿನ ಈ ಕಾಲೇಜನ್ನು ಗಾಜು, ಕಾಂಕ್ರೀಟ್ ಮಾತ್ರ ಅಂತ ನೋಡುವವರಿಗೆ ಇದನ್ನೇ ಹೇಳುತ್ತೇನೆ: ಕಟ್ಟಿದವರು ಒಬ್ಬ ತೋಟಗಾರ.

ನೋಡೋಕೆ ಫ್ಯಾಕ್ಟರಿ ಥರ ಇದೆ. ಇದರಲ್ಲಿ ಅಂಥದ್ದೇನಿದೆ?

ಅತಿ ಹೆಚ್ಚು ಬರುವ ಪ್ರಶ್ನೆ ಇದೇ. ನನ್ನ ಉತ್ತರ ಒಂದೇ: ಮುಖ ನೋಡಬೇಡಿ, ಪ್ಲಾನ್ ನೋಡಿ.

ಮುಖ ನೋಡಿದರೆ ಉದ್ದನೆಯ ಎರಡು ಗಾಜಿನ ಸಾಲು ಕಾಣುತ್ತದೆ ಅಷ್ಟೇ. ಪ್ಲಾನ್ ನೋಡಿದರೆ ಹಳೆಯ ಆಕ್ಸ್‌ಫರ್ಡ್ ಪೂರ್ತಿ ಅದರಲ್ಲಿದೆ. ಪೂರ್ವಕ್ಕೊಂದು, ಪಶ್ಚಿಮಕ್ಕೊಂದು ಮೂರು ಅಂತಸ್ತಿನ ವಸತಿ ಸಾಲು. ಅವುಗಳ ನಡುವೆ ಅಂಗಳ, ಹಾಲ್, ಲೈಬ್ರರಿ, ಉಪನ್ಯಾಸದ ಹಾಲ್. ಕೋಣೆಗಳಿಗೆ ಹೋಗಲು ಅದೇ ಹಳೆಯ ಮೆಟ್ಟಿಲಿನ ಪದ್ಧತಿ. ಚೌಕದ ಅಂಗಳದೊಳಗೆ ಒಂದು ದೊಡ್ಡ ಗುಂಡನೆಯ ಹುಲ್ಲುಹಾಸು. ಪಕ್ಕದಲ್ಲಿ ತೆಳ್ಳಗೆ ಎದ್ದ ಗಂಟೆ ಗೋಪುರ. ಈ ಕಾಲೇಜಿಗೆ ಚಾಪೆಲ್ ಇಲ್ಲ, ಆದರೂ ಗಂಟೆ ಗೋಪುರ ಇದೆ. ಅಂಗಳಕ್ಕೆ ಒಂದು ಎತ್ತರದ ಗುರುತು ಬೇಕು ಅಂತ ಅವರಿಗೆ ಅನ್ನಿಸಿರಬೇಕು, ನನಗೆ ಅದು ಸರಿ ಅನ್ನಿಸುತ್ತದೆ.

ಒಂದೇ ಒಂದು ದೊಡ್ಡ ಬದಲಾವಣೆ ಮಾಡಿದರು. ಹಳೆಯ ಕಾಲೇಜುಗಳ ಅಂಗಳ ಕೋಟೆಯ ಹಾಗೆ ನಾಲ್ಕೂ ಕಡೆ ಮುಚ್ಚಿರುತ್ತದೆ. ಇಲ್ಲಿ ಕಟ್ಟಡಗಳು ಒಂದಕ್ಕೊಂದು ಅಂಟಿಕೊಂಡಿಲ್ಲ. ಮೂಲೆಗಳು ತೆರೆದಿವೆ. ಆ ಸಂದುಗಳಲ್ಲಿ ಮರ, ಹುಲ್ಲು, ಆಕಾಶ ಒಳಗೆ ಬರುತ್ತವೆ. ಕಾಲೇಜಿನ ಧ್ಯೇಯವಾಕ್ಯ ಲ್ಯಾಟಿನ್ ಭಾಷೆಯಲ್ಲಿ 'ನೋವಾ ಎತ್ ವೆತೆರಾ'. ಹೊಸದೂ ಹಳೆಯದೂ ಅಂತ ಅರ್ಥ. ಇಷ್ಟು ಸರಿಯಾಗಿ ಒಂದು ಧ್ಯೇಯವಾಕ್ಯವನ್ನು ಇಟ್ಟಿಗೆಯಲ್ಲಿ ಬರೆದದ್ದು ನಾನು ಬೇರೆಲ್ಲೂ ನೋಡಿಲ್ಲ.

'ಮೂರು ಮೀಟರ್ ಗ್ರಿಡ್' ಅನ್ನುತ್ತಾರಲ್ಲ, ಏನದು?

ನಮ್ಮ ಹಳ್ಳಿಗಳಲ್ಲಿ 'ಮನೆ ಎಷ್ಟು ಅಂಕಣ?' ಅಂತ ಕೇಳುತ್ತಿದ್ದರು. ಎರಡು ಕಂಬಗಳ, ತೊಲೆಗಳ ನಡುವಿನ ಜಾಗ ಒಂದು ಅಂಕಣ. ಮೂರಂಕಣದ ಮನೆ, ಐದಂಕಣದ ಮನೆ ಅಂದರೆ ಸಾಕು, ಬಡಗಿಗೆ ಮನೆ ಎಷ್ಟು ದೊಡ್ಡದು ಅಂತ ಗೊತ್ತಾಗುತ್ತಿತ್ತು. ಇದೂ ಅದೇ ಲೆಕ್ಕ. ಇಡೀ ಜಾಗದ ಮೇಲೆ ಮೂರು ಮೀಟರಿನ, ಅಂದರೆ ಸುಮಾರು ಹತ್ತು ಅಡಿಯ, ಚೌಕಗಳ ಬಲೆ ಹಾಸಿದ್ದಾರೆ ಅಂದುಕೊಳ್ಳಿ. ಗೋಡೆ, ಕಂಬ, ತೊಲೆ, ಕೋಣೆ ಎಲ್ಲವೂ ಆ ಗೆರೆಗಳ ಮೇಲೆ ಕೂರುತ್ತವೆ.

ಚಂದ ಏನೆಂದರೆ, ಆ ಅಳತೆ ಬಾಗಿಲಿಗೆ ಬಂದು ನಿಲ್ಲುವುದಿಲ್ಲ. ತೋಟಕ್ಕೂ ಹೋಗುತ್ತದೆ. ಹೊರಗೆ ಅಲ್ಲಲ್ಲಿ ಚಾವಣಿಯೇ ಇಲ್ಲದ ಇಟ್ಟಿಗೆಯ ಬಿಡಿ ಗೋಡೆಗಳು ನಿಂತಿವೆ. ಅವುಗಳ ಪಕ್ಕ ಒತ್ತಾಗಿ ಕತ್ತರಿಸಿದ ಯೂ ಗಿಡದ ಬೇಲಿ. ಒಂದು ಗೋಡೆ, ಒಂದು ಬೇಲಿ, ಮತ್ತೆ ಗೋಡೆ. ಹಾಗೆ ತೋಟದಲ್ಲೇ ಸಣ್ಣ ಸಣ್ಣ ಕೋಣೆಗಳಾಗಿವೆ. ನಡೆಯುತ್ತಾ ಹೋದರೆ ಮನೆಯ ಒಳಗೆ ಇದ್ದೀವೋ ಹೊರಗೆ ಇದ್ದೀವೋ ಅಂತ ಒಂದು ಗಳಿಗೆ ಗೊತ್ತಾಗುವುದಿಲ್ಲ.

ಇಟ್ಟಿಗೆಯ ಬಗ್ಗೆ ಎಲ್ಲರೂ ಹೇಳುತ್ತಾರೆ. ಅದರಲ್ಲೇನು ವಿಶೇಷ?

ಹತ್ತಿರ ಹೋಗಿ ಅಂಗೈ ಇಟ್ಟು ನೋಡಬೇಕು. ನಮ್ಮ ಕಡೆ ಇಟ್ಟಿಗೆ ಮೂರು ಇಂಚು ದಪ್ಪ. ಇಲ್ಲಿಯದು ಎರಡೇ ಇಂಚು. ಬಣ್ಣ ಕೆಂಪಲ್ಲ, ಮಾಸಲು ಹಳದಿ, ಒಣಗಿದ ಭತ್ತದ ಹುಲ್ಲಿನ ಹಾಗೆ. ಇಟ್ಟಿಗೆ ತೆಳ್ಳಗಿದ್ದರೆ ಅದೇ ಎತ್ತರದ ಗೋಡೆಗೆ ವರಸೆಗಳು ಜಾಸ್ತಿ ಆಗುತ್ತವೆ. ಅಡ್ಡಗೆರೆಗಳು ಜಾಸ್ತಿ ಆಗುತ್ತವೆ. ಅದರಿಂದ ಗೋಡೆ ಭಾರ ಅನ್ನಿಸುವುದಿಲ್ಲ, ನೇಯ್ದ ಚಾಪೆಯ ಹಾಗೆ ಕಾಣುತ್ತದೆ. ಸಂಜೆಯ ಓರೆ ಬಿಸಿಲಿನಲ್ಲಿ ನಾನು ನೋಡಿದಾಗ ಒಂದೊಂದು ಸಂದಿನಲ್ಲೂ ತೆಳು ನೆರಳು ಕೂತಿತ್ತು. ಆಕ್ಸ್‌ಫರ್ಡಿನ ಹಳೆಯ ಕಟ್ಟಡಗಳ ಕಲ್ಲೂ ಹಳದಿಯೇ. ಆ ಬಣ್ಣಕ್ಕೆ ಈ ಬಣ್ಣ ಜಗಳ ಆಡುವುದಿಲ್ಲ.

ಕೋಣೆಗಳಲ್ಲಿ ಇರೋದು ಹೇಗೆ? ಪೂರ್ತಿ ಗಾಜು ಅಂದರೆ ಕಷ್ಟ ಅಲ್ವಾ?

ಕಷ್ಟ ಇತ್ತು, ಮುಚ್ಚಿಡುವುದಕ್ಕೆ ಏನೂ ಇಲ್ಲ. ಪ್ರತಿ ಕೋಣೆಯ ಒಂದು ಇಡೀ ಗೋಡೆ ಗಾಜು. ಮೊದಲು ಹಾಕಿದ್ದು ಒಂಟಿ ಪದರದ ಗಾಜು. ಚಳಿಗಾಲದಲ್ಲಿ ಚಳಿ, ಬೇಸಿಗೆಯಲ್ಲಿ ಸೆಕೆ. ರಾತ್ರಿ ದೀಪ ಹಾಕಿದರೆ ಹೊರಗಿನವರಿಗೆಲ್ಲ ಒಳಗಿನದು ಕಾಣುತ್ತದೆ, ಪರದೆ ಎಳೆಯಲೇಬೇಕು. ಆಕ್ಸ್‌ಫರ್ಡಿನ ಹವೆಗೆ ಇದು ಸರಿಯಾದ ಆಯ್ಕೆ ಅಂತ ನಾನು ಹೇಳಲಾರೆ.

ಆದರೂ ಒಂದು ಮಾತು. ಪಶ್ಚಿಮದ ಸಾಲಿನವರಿಗೆ ಎದುರಿಗೆ ಉದ್ದನೆಯ ನೀರಿನ ಕಾಲುವೆ. ಪೂರ್ವದವರಿಗೆ ಹೊಳೆಯ ಕಡೆಯ ಮರಗಳು. ಹಾಸಿಗೆಯಿಂದ ಎದ್ದು ಕಣ್ಣು ಬಿಟ್ಟರೆ ಹಸಿರು. ತೊಂಬತ್ತು ವರ್ಷ ಬಾಡಿಗೆ ಕೋಣೆಯಲ್ಲಿ ಇದ್ದವರ ಸಂಸ್ಥೆ ಇದು ಅಂದೆನಲ್ಲ. ಅಂಥವರಿಗೆ ನೆಲದಿಂದ ಚಾವಣಿಯವರೆಗೆ ಬೆಳಕು ಕೊಡಬೇಕು ಅಂತ ಯೋಚಿಸಿದ್ದು ದೊಡ್ಡ ಮನಸ್ಸು. ಸೆಕೆಗೂ ಚಳಿಗೂ ಆಮೇಲೆ ಉಪಾಯ ಹುಡುಕಬಹುದು. ಕತ್ತಲೆ ಕಾರಿಡಾರಿಗೆ ಯಾವ ಉಪಾಯವೂ ಇಲ್ಲ.

ಊಟದ ಹಾಲ್ ಮತ್ತು ಆ ಎತ್ತರದ ಕುರ್ಚಿಗಳ ಕಥೆ ಏನು?

ಸುಮಾರು 350 ಜನ ಒಟ್ಟಿಗೆ ಕೂತು ಉಣ್ಣುವಷ್ಟು ದೊಡ್ಡ ಹಾಲ್. ಎತ್ತರದ ಕಾಂಕ್ರೀಟ್ ಕಂಬಗಳು, ಮೇಲೆ ಉದ್ದನೆಯ ತೊಲೆಗಳು. ಆ ತೊಲೆಗಳು ಗೋಡೆಯಲ್ಲಿ ಅಡಗಿಕೊಳ್ಳುವುದಿಲ್ಲ, ಹೊರಗೂ ಚಾಚಿ ಕಾಣುತ್ತವೆ. ಕಟ್ಟಡ ಹೇಗೆ ನಿಂತಿದೆ ಅಂತ ಯಾರಾದರೂ ಹೇಳಿಕೊಡಬೇಕಿಲ್ಲ. ಲೈಬ್ರರಿಯೂ ಹೀಗೇ. ಲೆಕ್ಕಾಚಾರ ಮಾಡಿಕೊಟ್ಟ ಇಂಜಿನಿಯರುಗಳು ಓವ್ ಅರುಪ್ ಕಂಪನಿಯವರು. ಸಿಡ್ನಿ ಆಪೆರಾ ಹೌಸಿನ ಚಿಪ್ಪುಗಳನ್ನು ನಿಲ್ಲಿಸಿದ್ದೂ ಅವರೇ.

ಆಕ್ಸ್‌ಫರ್ಡಿನಲ್ಲಿ ಗುರುಗಳು ಊಟಕ್ಕೆ ಕೂರುವ ಮೇಜಿಗೆ 'ಹೈ ಟೇಬಲ್' ಅನ್ನುತ್ತಾರೆ. ಇಷ್ಟು ಎತ್ತರದ ಹಾಲಿನಲ್ಲಿ ಒಂದು ಮೇಜು ಕಳೆದುಹೋಗುತ್ತದೆ, ಅದರ ಸುತ್ತ ಕೂತವರೂ ಚಿಕ್ಕದಾಗಿ ಕಾಣುತ್ತಾರೆ. ಅದಕ್ಕೆ ಜಾಕೊಬ್‌ಸನ್ ಗೋಡೆ ಕಟ್ಟಲಿಲ್ಲ, ಕುರ್ಚಿ ಮಾಡಿದರು. ತೆಳು ಮರದ ಪದರಗಳನ್ನು ಅಂಟಿಸಿ ಬಾಗಿಸಿದ ಕುರ್ಚಿ. ಬೆನ್ನು ಕೂತವರ ತಲೆಯನ್ನೂ ದಾಟಿ ಮೇಲೆ ಹೋಗುತ್ತದೆ. ಅಂಥ ಕುರ್ಚಿಗಳು ಸಾಲಾಗಿ ನಿಂತರೆ ಅದೇ ಒಂದು ಪಡಸಾಲೆ. ಹಾಲಿನೊಳಗೊಂದು ಹಾಲ್. 'ಆಕ್ಸ್‌ಫರ್ಡ್ ಚೇರ್' ಅಂತ ಇವತ್ತು ಆಫೀಸುಗಳಿಗೆ ಮಾರುವ ಕುರ್ಚಿಯ ಮೂಲ ಇದೇ. ಫ್ರಿಟ್ಸ್ ಹ್ಯಾನ್ಸನ್ ಕಂಪನಿ ತಯಾರಿಸುತ್ತದೆ.

ಮೇಜಿನ ಮೇಲಿನ ಪುಟ್ಟ ದೀಪಗಳೂ ಅವರದೇ ವಿನ್ಯಾಸ. ಬಾಗಿಲ ಹಿಡಿ ಅವರದು, ಚಮಚ ಫೋರ್ಕು ಅವರದು. ನೀರಿನಲ್ಲಿ ಯಾವ ಮೀನು ಬಿಡಬೇಕು ಅಂತಲೂ ಅವರೇ ಹೇಳಿದ್ದರಂತೆ ಅನ್ನುವ ಮಾತು ಬಾಯಿಂದ ಬಾಯಿಗೆ ಓಡಾಡುತ್ತದೆ. ಇದನ್ನು ಹಟಮಾರಿತನ ಅನ್ನುವವರಿದ್ದಾರೆ. ನನಗೆ ಹಾಗೆ ಅನ್ನಿಸುವುದಿಲ್ಲ. ಮದುವೆ ಮನೆಯಲ್ಲಿ ಎಲೆ ಎಲ್ಲಿಂದ ತರಿಸಬೇಕು, ಉಪ್ಪು ಯಾವ ಮೂಲೆಗೆ ಬಡಿಸಬೇಕು ಅಂತ ನೋಡಿಕೊಳ್ಳುವ ಹಿರಿಯರು ಇರುತ್ತಾರಲ್ಲ, ಅಂಥ ಕಾಳಜಿ ಅದು.

ತೋಟವನ್ನೂ ಅವರೇ ಮಾಡಿದ್ದಾ?

ಹೌದು, ಗಿಡಗಳ ಆಯ್ಕೆ ಸಮೇತ. ಕಾಲುವೆಯ ಬಳಿ ಬಾರ್ಬರಾ ಹೆಪ್‌ವರ್ತ್ ಮಾಡಿದ ಕಂಚಿನ ಶಿಲ್ಪವೂ ಇದೆ. ಸೈಕಲ್ ಸ್ಟ್ಯಾಂಡನ್ನು ಮರೆಯದೆ ನೋಡಿ. ನೇರ ಗೆರೆಗಳೇ ತುಂಬಿದ ಜಾಗದಲ್ಲಿ, ಅಂಗಳದ ಹುಲ್ಲುಹಾಸಿನ ಹಾಗೆ ಅದೂ ಗುಂಡಗಿದೆ.

2023ರಲ್ಲಿ ಹಾಲ್ ಮುಚ್ಚಿದರಂತೆ, ನಿಜವೇ? ಕಟ್ಟಡ ಬೀಳುತ್ತದೆಯೇ?

ಮುಚ್ಚಿದ್ದು ನಿಜ. ಚಾವಣಿಗಳಲ್ಲಿ 'ರಾಕ್' (RAAC) ಅನ್ನುವ ಹಗುರ ಕಾಂಕ್ರೀಟ್ ಹಲಗೆ ಬಳಸಿದ್ದು ಗೊತ್ತಾಯಿತು. ಊಟದ ಹಾಲ್, ಲೈಬ್ರರಿ ಸೇರಿ ಕೆಲವು ಭಾಗಗಳಿಗೆ ಬೀಗ ಬಿತ್ತು. ಹುಲ್ಲಿನ ಮೇಲೆ ದೊಡ್ಡ ಟೆಂಟ್ ಹಾಕಿ ಮಕ್ಕಳಿಗೆ ಊಟ ಕೊಟ್ಟರು. ಎಲ್ಲರೂ ಒಟ್ಟಿಗೆ ಉಣ್ಣುವುದಕ್ಕಾಗಿಯೇ ಕಟ್ಟಿದ ಹಾಲ್ ಖಾಲಿ ನಿಂತಿದ್ದ ಸುದ್ದಿ ಓದಿ ಮನಸ್ಸಿಗೆ ನೋವಾಯಿತು.

ಆ ಕಾಂಕ್ರೀಟ್ ಮಾಡುವ ಬಗೆ ನಮಗೆ ಸುಲಭವಾಗಿ ಅರ್ಥವಾಗುತ್ತದೆ. ಸಿಮೆಂಟು, ಸುಣ್ಣ, ನುಣ್ಣನೆಯ ಮರಳಿನ ಹಿಟ್ಟಿಗೆ ಅಲ್ಯೂಮಿನಿಯಂ ಪುಡಿ ಹಾಕುತ್ತಾರೆ. ಗುಳ್ಳೆ ಎದ್ದು ಇಡ್ಲಿ ಹಿಟ್ಟಿನ ಹಾಗೆ ಉಬ್ಬುತ್ತದೆ. ಆಮೇಲೆ ಒತ್ತಡದ ಹಬೆಯಲ್ಲಿ ಬೇಯಿಸುತ್ತಾರೆ. ಒಳಗೆ ಕಬ್ಬಿಣದ ಸರಳು ಇರುತ್ತದೆ. ಹಗುರ, ಅಗ್ಗ, ಬೇಗ ಕೂರಿಸಬಹುದು. 1950ರ ದಶಕದಿಂದ ಬ್ರಿಟನ್ನಿನ ಶಾಲೆ, ಆಸ್ಪತ್ರೆಗಳಲ್ಲೆಲ್ಲ ಹಾಕಿದರು. ತೊಂದರೆ ಏನೆಂದರೆ ಗುಳ್ಳೆಗಳೊಳಗೆ ನೀರು ಇಳಿದರೆ ಸರಳು ತುಕ್ಕು ಹಿಡಿಯುತ್ತದೆ, ಹಲಗೆ ಮುನ್ಸೂಚನೆ ಕೊಡದೆ ಮುರಿಯಬಹುದು. 2018ರಲ್ಲಿ ಕೆಂಟ್ ಜಿಲ್ಲೆಯ ಒಂದು ಶಾಲೆಯ ಚಾವಣಿ ಹೀಗೆ ಕುಸಿಯಿತು. 2023ರಲ್ಲಿ ನೂರಕ್ಕೂ ಹೆಚ್ಚು ಶಾಲೆಗಳ ಕಟ್ಟಡಗಳನ್ನು ಸರ್ಕಾರ ಮುಚ್ಚಿಸಿತು.

ಇದರ ಬೆನ್ನಿಗೇ ಒಂದು ಪ್ರಶ್ನೆ ಬರುತ್ತದೆ: ಬೆಂಗಳೂರಿನ ಅಪಾರ್ಟ್‌ಮೆಂಟುಗಳ ಎಎಸಿ ಬ್ಲಾಕ್ ಕೂಡ ಅದೇನಾ? ಮಾಡುವ ರೀತಿ ಹತ್ತಿರದ್ದೇ. ಆದರೆ ನಾವು ಅದನ್ನು ಕಂಬಗಳ ನಡುವಿನ ಗೋಡೆಗೆ ಬಳಸುತ್ತೇವೆ. ಒಳಗೆ ಸರಳು ಇಲ್ಲ, ಚಾವಣಿಯ ಹಾಗೆ ಅಡ್ಡ ಮಲಗಿ ಭಾರ ಹೊರುವುದಿಲ್ಲ. ಹೆದರಬೇಕಿಲ್ಲ.

ಹಾಗಾದರೆ ಕೆಡವಿ ಹೊಸದು ಕಟ್ಟಬಹುದಲ್ಲ?

ಬೇಡ. 1993ರಲ್ಲೇ ಇದಕ್ಕೆ ಗ್ರೇಡ್ ಒಂದು ಪಟ್ಟ ಸಿಕ್ಕಿದೆ. ಇಂಗ್ಲೆಂಡಿನಲ್ಲಿ ದೊಡ್ಡ ದೊಡ್ಡ ಕೆಥೀಡ್ರಲ್‌ಗಳಿಗೆ ಸಿಗುವ ರಕ್ಷಣೆ ಅದು. ಕಟ್ಟಿ ಮೂವತ್ತು ವರ್ಷವಾಗಿತ್ತು ಅಷ್ಟೇ. ದೋಷ ಇರುವುದು ಆ ಕಾಲದವರೆಲ್ಲ ನಂಬಿ ಬಳಸಿದ ಒಂದು ಸಾಮಗ್ರಿಯಲ್ಲಿ. ಹೆಂಚು ಒಡೆದರೆ ಹೆಂಚು ಬದಲಿಸುತ್ತೇವೆ, ಮನೆ ಕೆಡವುವುದಿಲ್ಲ. ಇಂಥ ಕಟ್ಟಡವನ್ನು ಬೆಳೆಸುವುದು ಹೇಗೆ ಅಂತಲೂ ಇಲ್ಲೇ ನೋಡಬಹುದು. 1990ರ ದಶಕದಿಂದ ಆರ್ಕಿಟೆಕ್ಟ್ ಸ್ಟೀಫನ್ ಹಾಡರ್ ಉತ್ತರದ ಕಡೆ ಹೊಸ ವಸತಿ ಕಟ್ಟಿದರು. ಹಳೆಯದನ್ನು ನಕಲು ಮಾಡಲಿಲ್ಲ, ಅದರ ಶಿಸ್ತನ್ನು ಮಾತ್ರ ತೆಗೆದುಕೊಂಡರು.

ಕನ್ನಡದವರಿಗೆ ಇದರ ಜೊತೆ ಏನಾದರೂ ನಂಟು ಇದೆಯೇ?

ನೇರ ನಂಟು ಇಲ್ಲ. ಆದರೆ ಒಂದು ಸಂಗತಿ ನನಗೆ ಇಷ್ಟ. ಗಿರೀಶ ಕಾರ್ನಾಡರು ರೋಡ್ಸ್ ವಿದ್ಯಾರ್ಥಿವೇತನ ಪಡೆದು ಆಕ್ಸ್‌ಫರ್ಡಿನಲ್ಲಿ ಇದ್ದದ್ದು 1960ರಿಂದ 63ರವರೆಗೆ. ಅಲ್ಲಿನ ಚರ್ಚಾಕೂಟವಾದ ಯೂನಿಯನ್ನಿನ ಅಧ್ಯಕ್ಷರೂ ಆದರು. ಅವರ ಮ್ಯಾಗ್ಡಲೆನ್ ಕಾಲೇಜು (ಬರೆಯುವುದು ಹಾಗೆ, ಕರೆಯುವುದು 'ಮಾಡ್ಲಿನ್') ಇದೇ ಚೆರ್‌ವೆಲ್ ಹೊಳೆಯ ದಂಡೆಯಲ್ಲಿ, ಸ್ವಲ್ಪ ಕೆಳಗೆ. ಧಾರವಾಡದ ಹುಡುಗ ಅಲ್ಲಿ ಓದುತ್ತಿದ್ದ ಅದೇ ಮೂರು ವರ್ಷ, ನಡೆದು ಹೋಗುವಷ್ಟು ದೂರದಲ್ಲಿ ಈ ಕಾಲೇಜು ಏಳುತ್ತಿತ್ತು.

ನಮ್ಮಲ್ಲಿ ಇಂಥದ್ದು ನೋಡಬೇಕೆಂದರೆ?

ಬನ್ನೇರುಘಟ್ಟ ರಸ್ತೆಯ ಐಐಎಂ ನೋಡಿ. ಬಿ.ವಿ. ದೋಶಿಯವರ ವಿನ್ಯಾಸ. ಇದರ ತಮ್ಮನೇನೂ ಅಲ್ಲ, ಬೇರೆಯದೇ ಉತ್ತರ. ಅಲ್ಲಿ ಕಾರಿಡಾರೇ ಪ್ರಾಣ. ಕಲ್ಲಿನ ಗೋಡೆ, ಮೇಲೆ ತೊಲೆಗಳ ಚಪ್ಪರ, ಬಳ್ಳಿ, ನೆಲದ ಮೇಲೆ ಬಿಸಿಲು ನೆರಳಿನ ಪಟ್ಟೆ. ನನ್ನ ಹಾಸ್ಟೆಲಿನ ಕತ್ತಲೆ ಕಾರಿಡಾರನ್ನು ಬೈದೆನಲ್ಲ, ಕಾರಿಡಾರ್ ಹೇಗಿರಬೇಕು ಅಂತ ಅಲ್ಲಿ ಕಲಿಯಬಹುದು. ನಮ್ಮ ಹವೆಗೆ ಅದು ಒಪ್ಪುತ್ತದೆ.

ಬ್ರಿಟನ್ನಿನಲ್ಲಿ ಇದೇ ಕಾಲದ ಇನ್ಯಾವುದನ್ನು ನೋಡಬೇಕು?

ಕೇಂಬ್ರಿಡ್ಜಿನ ಚರ್ಚಿಲ್ ಕಾಲೇಜ್, ಅಲ್ಲಿಯೇ ಹಿಂದೆ ನ್ಯೂ ಹಾಲ್ ಆಗಿದ್ದ ಮರೀ ಎಡ್ವರ್ಡ್ಸ್, ಸಸೆಕ್ಸ್ ವಿಶ್ವವಿದ್ಯಾಲಯದ ಫಾಲ್ಮರ್ ಹೌಸ್. ಸಮಯ ಒಂದಕ್ಕೇ ಇದ್ದರೆ ಮರೀ ಎಡ್ವರ್ಡ್ಸ್‌ನ ಬಿಳಿ ಗುಮ್ಮಟ ನೋಡಿ.

ಕ್ಯಾಟ್ಸ್ ನೋಡೋಕೆ ಹೋದರೆ ಎಲ್ಲಿಂದ ಶುರು ಮಾಡಬೇಕು?

ಮ್ಯಾನರ್ ರಸ್ತೆಯ ಕೊನೆಯವರೆಗೂ ನಡೆಯಿರಿ. ಗೇಟಿನ ಪೋರ್ಟರ್ಸ್ ಲಾಡ್ಜಿನಲ್ಲಿ (ಕಾವಲಿನವರ ಕೋಣೆ) ಕೇಳಿಕೊಂಡೇ ಒಳಗೆ ಹೋಗಿ, ಅದು ಮಕ್ಕಳು ಇರುವ ಮನೆ. ಕಾಲುವೆ ದಾಟುವಾಗ ಒಂದು ನಿಮಿಷ ನಿಂತು ನೀರಿನಲ್ಲಿ ಗಾಜಿನ ಸಾಲು ನೋಡಿ. ಆಮೇಲೆ ಗುಂಡು ಹುಲ್ಲುಹಾಸಿನ ಹತ್ತಿರ ಹೋಗಿ, ಅಂಗಳದ ಒಂದು ಮೂಲೆಯ ಸಂದಿನಲ್ಲಿ ನಿಲ್ಲಿ. ಒಂದು ಕಡೆ ಇಟ್ಟಿಗೆ, ಇನ್ನೊಂದು ಕಡೆ ಗಾಜು, ನಡುವೆ ಹೊಳೆಯ ಕಡೆಯ ಮರಗಳು. ಅಲ್ಲಿಂದ ಯಾವುದಾದರೂ ಒಂದು ಮೆಟ್ಟಿಲಿನ ಬಾಗಿಲು ಹುಡುಕಿ, ಅಲ್ಲಿ ಬರೆದಿರುವ ನಂಬರ್ ಓದಿ.